ಬೂದಿ, ಕೊಬ್ಬು, ಬೆಂಕಿ: ಮನೆಯ ಕೊಪ್ಪರಿಗೆಯಲ್ಲಿ ಸಾಬೂನು ಕಾಯಿಸಿದವರ ಕಥೆ

ಬೂದಿ ಕೈಗೆ ಅಂಟಿದರೆ ಕೊಳೆ. ಜಿಡ್ಡು ಅಂಟಿದರೆ ಅದೂ ಕೊಳೆ. ಆದರೆ ಬೂದಿಯಿಂದ ಇಳಿಸಿದ ನೀರನ್ನು ಜಿಡ್ಡಿನೊಡನೆ ಸೇರಿಸಿ ಬೆಂಕಿಯ ಮೇಲೆ ಗಂಟೆಗಟ್ಟಲೆ ಕಾಯಿಸಿದರೆ ಹುಟ್ಟುವುದು ಕೊಳೆಯನ್ನು ಕಳೆಯುವ ಸಾಬೂನು. ಮನುಷ್ಯನು ಒಲೆಯ ಮುಂದೆ ಕುಳಿತು ಕಂಡುಕೊಂಡ ರಾಸಾಯನಿಕ ಕ್ರಿಯೆಗಳಲ್ಲಿ ಇದರಷ್ಟು ಸೋಜಿಗದ್ದು ಮತ್ತೊಂದಿಲ್ಲವೆಂದು ನಾನು ಹತ್ತನೆಯ ತರಗತಿಯಲ್ಲಿ ಹೇಳುತ್ತಿದ್ದುದು ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. 'ಸಾಬೂನೀಕರಣ' ಎಂಬ ಪದವನ್ನು ಪರೀಕ್ಷೆಗಾಗಿ ಉರುಹೊಡೆದವರಿಗಂತೂ ನೆನಪಿದ್ದೇ ಇರುತ್ತದೆ.

ಈಚಿನ ವರ್ಷಗಳಲ್ಲಿ ಮನೆಯಲ್ಲಿಯೇ ಸಾಬೂನು ತಯಾರಿಸುವ ಹವ್ಯಾಸ ಮತ್ತೆ ಚಿಗುರಿದೆ. ಇದರಲ್ಲಿ ಎರಡು ವಿಧಾನಗಳುಂಟು. ಎಣ್ಣೆಯನ್ನೂ ಕ್ಷಾರದ ದ್ರಾವಣವನ್ನೂ ಕಲಸಿ ಅಚ್ಚಿಗೆ ಸುರಿದು ನಾಲ್ಕಾರು ವಾರ ಹದವಾಗಲು ಬಿಡುವುದು ತಣ್ಣನೆಯ ವಿಧಾನ. ಕಲಸಿದ ಮಿಶ್ರಣವನ್ನು ಸಣ್ಣ ಉರಿಯ ಮೇಲಿಟ್ಟು ಬೇಯಿಸಿ, ಕ್ರಿಯೆಯನ್ನು ಅಂದೇ ಪೂರ್ಣಗೊಳಿಸುವುದು ಬಿಸಿ ವಿಧಾನ. ವಿದೇಶದಲ್ಲಿ ನೆಲೆಸಿರುವ ನನ್ನ ವಿದ್ಯಾರ್ಥಿನಿಯೊಬ್ಬಳು ವಿದ್ಯುತ್ ಪಾತ್ರೆಯಲ್ಲಿ ಹೀಗೆ ಬೇಯಿಸುತ್ತಾಳೆ. "ಸರ್, ಇದನ್ನು ಮೊದಲು ಕಾಯಿಸಿದವರು ಯಾರು?" ಎಂದು ಆಕೆ ಕೇಳಿದ್ದಳು.

ಈ ಪ್ರಶ್ನೆಗೆ ಒಂದು ಹೆಸರಿನ ಉತ್ತರವಿಲ್ಲ. ಆದರೆ ಉತ್ತರವನ್ನು ಹುಡುಕುತ್ತಾ ಹೋದಂತೆ ನನಗೆ ಇನ್ನೊಂದು ಸಂಗತಿ ಸ್ಪಷ್ಟವಾಯಿತು. ಶುಚಿಯಾಗಿರುವುದನ್ನು ನಾವು ಒಳ್ಳೆಯ ಗುಣವೆಂದು ಬಗೆಯುತ್ತೇವೆ. ಶುಚಿಯಾಗಿರದವರನ್ನು ಗುಣಹೀನರೆಂದು ಸುಲಭವಾಗಿ ತೀರ್ಮಾನಿಸಿಬಿಡುತ್ತೇವೆ. ಸಾಬೂನಿನ ಚರಿತ್ರೆ ಹೇಳುವುದು ಬೇರೆಯೇ ಮಾತು. ಬೂದಿ ಯಾರಿಗೆ ದೊರೆಯಿತು, ಕೊಬ್ಬು ಯಾರ ಮನೆಯಲ್ಲಿ ಉಳಿಯಿತು, ಸೌದೆ ಯಾರಿಗೆ ಹೇರಳವಾಗಿತ್ತು, ಸುಂಕವನ್ನು ಯಾರು ತೆತ್ತರು ಎಂಬುದರ ಮೇಲೆಯೇ ಶುಚಿತ್ವ ನಿಂತಿತ್ತು. ಅದು ಗುಣಕ್ಕಿಂತ ಹೆಚ್ಚಾಗಿ ಒಂದು ಅನುಕೂಲ.

ಮೊದಲು ಪದಗಳಿಂದಲೇ ಆರಂಭಿಸೋಣ. ರೋಮಿನ ಹಿರಿಯ ಪ್ಲಿನಿಯು ಕ್ರಿ.ಶ. ಮೊದಲನೆಯ ಶತಮಾನದಲ್ಲಿ ರಚಿಸಿದ 'ನಿಸರ್ಗ ಚರಿತ್ರೆ' ಎಂಬ ಬೃಹದ್ಗ್ರಂಥದಲ್ಲಿ 'ಸಾಪೊ' ಎಂಬ ವಸ್ತುವನ್ನು ಹೆಸರಿಸುತ್ತಾನೆ. ಅದು ಗಾಲ್ ದೇಶದವರು ಕೊಬ್ಬು ಮತ್ತು ಬೂದಿಯಿಂದ ಮಾಡಿದ್ದು. ಮೇಕೆಯ ಕೊಬ್ಬು ಮತ್ತು ಬೀಚ್ ಮರದ ಬೂದಿ ಅದಕ್ಕೆ ಶ್ರೇಷ್ಠ. ಗಟ್ಟಿಯಾದದ್ದು ಮತ್ತು ದ್ರವರೂಪದ್ದು ಎಂದು ಅದರಲ್ಲಿ ಎರಡು ಬಗೆ. ಸ್ವಾರಸ್ಯವೆಂದರೆ ಅದರ ಉಪಯೋಗ ಮೈ ತೊಳೆಯುವುದಕ್ಕಲ್ಲ, ಕೂದಲನ್ನು ಕೆಂಪಗೆ ಮಾಡುವುದಕ್ಕೆ ಎನ್ನುತ್ತಾನೆ ಪ್ಲಿನಿ. ಈ 'ಸಾಪೊ'ವಿಗೂ ಅರಬ್ಬಿಯ 'ಸಾಬೂನ್', ಪೋರ್ಚುಗೀಸರ 'ಸಬಾವ್', ನಮ್ಮ 'ಸಾಬೂನು' ಇವುಗಳಿಗೂ ಇರುವ ನಂಟು ಕಿವಿಗೇ ತಿಳಿಯುತ್ತದೆ. ನಾವು ರಸಾಯನಶಾಸ್ತ್ರದಲ್ಲಿ ಬಳಸುವ 'ಆಲ್ಕಲಿ' ಎಂಬ ಪದವೂ ಅರಬ್ಬಿಯದೇ. ಉಪ್ಪುನೆಲದ ಗಿಡಗಳನ್ನು ಸುಟ್ಟು ಪಡೆದ ಬೂದಿಗೆ ಅಲ್ಲಿ 'ಅಲ್ ಕಲಿ' ಎನ್ನುತ್ತಿದ್ದರು. ಕ್ಷಾರದ ಹೆಸರಿನಲ್ಲಿಯೇ ಬೂದಿ ಅಡಗಿದೆ.

ಮನೆಯ ಅಂಗಳದಲ್ಲಿ ಸಾಬೂನು ಕಾಯಿಸುವ ಕೆಲಸ ಹೇಗೆ ನಡೆಯುತ್ತಿತ್ತೆಂಬುದನ್ನು ತಿಳಿಯಲು ಅಮೆರಿಕದ ಹಳೆಯ ರೈತಮನೆಗಳತ್ತ ನೋಡಬೇಕು. ಅಲ್ಲಿ ಚಳಿಗಾಲವಿಡೀ ಅಗ್ಗಿಷ್ಟಿಕೆಯಲ್ಲಿ ಸೌದೆ ಉರಿಯುತ್ತಿತ್ತು. ಬೂದಿಯನ್ನು ಒಂದು ಹನಿ ನೀರೂ ತಾಕದಂತೆ ಕೂಡಿಡುತ್ತಿದ್ದರು. ಅಡುಗೆಯಲ್ಲಿ ಮಿಕ್ಕ ಜಿಡ್ಡನ್ನೂ ಕಡಿದ ಪ್ರಾಣಿಯ ಕೊಬ್ಬನ್ನೂ ಬೇರೆ ಗಡಿಗೆಯಲ್ಲಿ ಸಂಗ್ರಹಿಸುತ್ತಿದ್ದರು. ವಸಂತ ಬಂದೊಡನೆ ಕೆಲಸ ಆರಂಭ. ತಳದಲ್ಲಿ ತೂತು ಕೊರೆದ ಮರದ ಪೀಪಾಯಿಯನ್ನು ಇಟ್ಟಿಗೆಗಳ ಮೇಲೆ ನಿಲ್ಲಿಸಿ, ಕೆಳಗೆ ಹುಲ್ಲು ಹಾಸಿ, ಅದರ ಮೇಲೆ ಬೂದಿ ತುಂಬಿ, ಮೇಲಿನಿಂದ ನೀರು ಹೊಯ್ಯುತ್ತಿದ್ದರು. ಕೆಳಗೆ ತೊಟ್ಟಿಕ್ಕುತ್ತಿದ್ದ ಕಂದುಬಣ್ಣದ ನೀರೇ ಕ್ಷಾರ. ಅದನ್ನು ಹಿತ್ತಲಿನ ದೊಡ್ಡ ಕಬ್ಬಿಣದ ಕೊಪ್ಪರಿಗೆಗೆ ಸುರಿದು, ಕೊಬ್ಬು ಬೆರೆಸಿ, ಉದ್ದನೆಯ ಮರದ ಹುಟ್ಟಿನಿಂದ ಕದಡುತ್ತಾ ದಿನವಿಡೀ ಕಾಯಿಸುತ್ತಿದ್ದರು.

ಲಿಡಿಯಾ ಮರಿಯಾ ಚೈಲ್ಡ್ ಎಂಬ ಲೇಖಕಿ 1829ರಲ್ಲಿ ಮಿತವ್ಯಯದ ಗೃಹಿಣಿಯರಿಗಾಗಿ ಪ್ರಕಟಿಸಿದ ಕೈಪಿಡಿಯಲ್ಲಿ ಈ ಕೆಲಸದ ಕ್ರಮವನ್ನು ವಿವರಿಸಿದ್ದಾಳೆ. ಕ್ಷಾರ ಹದಕ್ಕೆ ಬಂದಿತೋ ಇಲ್ಲವೋ ಎಂದು ತಿಳಿಯಲು ಅದರಲ್ಲಿ ಮೊಟ್ಟೆಯೊಂದನ್ನು ತೇಲಿಬಿಡಬೇಕು. ಮೊಟ್ಟೆ ಮುಳುಗಿದರೆ ಕ್ಷಾರ ತೆಳು. ಅದರ ತುದಿಯಷ್ಟೇ ಒಂದು ಸಣ್ಣ ನಾಣ್ಯದಗಲ ಮೇಲೆ ಕಾಣಿಸಿದರೆ ಸರಿಯಾದ ಹದ. ನಗರದವರು ಬೂದಿಯನ್ನೂ ಜಿಡ್ಡನ್ನೂ ಕೊಟ್ಟು ಸಾಬೂನನ್ನು ಬದಲಿಗೆ ಪಡೆಯುವುದು ಲೇಸು, ಹಳ್ಳಿಯವರು ತಾವೇ ಕಾಯಿಸಿಕೊಳ್ಳುವುದು ಲಾಭ ಎಂದೂ ಆಕೆ ಲೆಕ್ಕ ಹಾಕಿದ್ದಾಳೆ. ಸಾಂದ್ರತೆ ಎಂಬ ಪದವನ್ನು ಎಂದೂ ಕೇಳದ ಹೆಂಗಸರು ಮೊಟ್ಟೆಯನ್ನೇ ಅಳತೆಯ ಉಪಕರಣ ಮಾಡಿಕೊಂಡಿದ್ದರು. ನಮ್ಮ ಪ್ರಯೋಗಾಲಯದ ಗಾಜಿನ ಹೈಡ್ರೋಮೀಟರು ಮಾಡುವ ಕೆಲಸವನ್ನೇ ಆ ಮೊಟ್ಟೆಯೂ ಮಾಡುತ್ತಿತ್ತು.

ಇಷ್ಟು ದುಡಿದು ಅವರಿಗೆ ದೊರೆಯುತ್ತಿದ್ದುದು ನಾವು ಕಂಡಂಥ ಬಿಲ್ಲೆಯಲ್ಲ. ಅಂಬಲಿಯಂತೆ ಜಾರುವ ಕಂದು ಸಾಬೂನು. ಕಾರಣ ಸರಳ. ಮರದ ಬೂದಿಯಲ್ಲಿರುವುದು ಮುಖ್ಯವಾಗಿ ಪೊಟ್ಯಾಷ್, ಅಂದರೆ ಪೊಟ್ಯಾಸಿಯಂ ಕಾರ್ಬೊನೇಟ್. ಪೊಟ್ಯಾಸಿಯಮ್ಮಿನಿಂದಾದ ಸಾಬೂನು ಮೆತ್ತಗಿರುತ್ತದೆ, ಸೋಡಿಯಮ್ಮಿನಿಂದಾದದ್ದು ಗಟ್ಟಿಯಾಗುತ್ತದೆ. ಕೊಪ್ಪರಿಗೆಗೆ ಅಡುಗೆ ಉಪ್ಪನ್ನು ಹಾಕಿದರೆ ಪೊಟ್ಯಾಸಿಯಮ್ಮಿನ ಜಾಗವನ್ನು ಸೋಡಿಯಂ ಆಕ್ರಮಿಸಿ, ಗಟ್ಟಿ ಸಾಬೂನು ಮೊಸರಿನಂತೆ ಒಡೆದು ಮೇಲೆ ತೇಲುತ್ತದೆ. ಆದರೆ ಉಪ್ಪಿಗೂ ಬೆಲೆಯಿತ್ತು. ಆದ್ದರಿಂದ ಬಹುಪಾಲು ಮನೆಗಳವರು ಮೆತ್ತನೆಯ ಸಾಬೂನನ್ನೇ ಪೀಪಾಯಿಯಲ್ಲಿ ತುಂಬಿಟ್ಟು ವರ್ಷವಿಡೀ ಬಳಸುತ್ತಿದ್ದರು.

ಒಳಗೆ ನಡೆಯುವ ಕ್ರಿಯೆಯೇನೆಂದು ತಿಳಿದದ್ದು ಎಷ್ಟೋ ಶತಮಾನಗಳ ಅನಂತರ. ಫ್ರಾನ್ಸಿನ ಮಿಶೆಲ್ ಯೂಜೀನ್ ಶೆವ್ರಲ್ ಎಂಬ ರಸಾಯನ ವಿಜ್ಞಾನಿ 1823ರಲ್ಲಿ ಪ್ರಾಣಿಜನ್ಯ ಕೊಬ್ಬುಗಳ ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದನು. ಕೊಬ್ಬು ಕ್ಷಾರದೊಡನೆ ಕೂಡಿದಾಗ ಒಡೆದು, ಅದರ ಆಮ್ಲಭಾಗ ಸಾಬೂನಾಗುತ್ತದೆ, ಗ್ಲಿಸರಿನ್ ಬೇರೆಯಾಗುತ್ತದೆ ಎಂದು ತೋರಿಸಿಕೊಟ್ಟವನು ಆತನೇ. 1786ರಲ್ಲಿ ಹುಟ್ಟಿದ ಆತ 1889ರವರೆಗೆ, 102 ವರ್ಷ, ಬಾಳಿದನು. ಮನೆಯ ಕೊಪ್ಪರಿಗೆಯಲ್ಲಿ ಗ್ಲಿಸರಿನ್ ಸಾಬೂನಿನೊಳಗೇ ಉಳಿದು ಚರ್ಮವನ್ನು ಮೃದುವಾಗಿಡುತ್ತದೆ. ದೊಡ್ಡ ಕಾರ್ಖಾನೆಗಳು ಅದನ್ನು ಬೇರ್ಪಡಿಸಿ ಬೇರೆಯೇ ಸರಕಾಗಿ ಮಾರುತ್ತವೆ.

ಬೂದಿಯೆಂದರೆ ಕಸವೆಂದು ನಾವು ತಿಳಿಯುತ್ತೇವೆ. ಒಂದು ಕಾಲಕ್ಕೆ ಅದು ರಾಷ್ಟ್ರಗಳ ವ್ಯಾಪಾರದ ಸರಕಾಗಿತ್ತು. ಅಮೆರಿಕ ಸಂಯುಕ್ತ ಸಂಸ್ಥಾನದ ಮೊಟ್ಟಮೊದಲ ಪೇಟೆಂಟನ್ನು 1790ರ ಜುಲೈ 31ರಂದು ಪಡೆದವನು ಸ್ಯಾಮ್ಯುಯೆಲ್ ಹಾಪ್ಕಿನ್ಸ್. ಅವನ ಆವಿಷ್ಕಾರ ಯಂತ್ರವೂ ಅಲ್ಲ, ಆಯುಧವೂ ಅಲ್ಲ. ಬೂದಿಯಿಂದ ಪೊಟ್ಯಾಷ್ ತಯಾರಿಸುವ ಹೊಸ ಕ್ರಮ. ಆ ಪತ್ರಕ್ಕೆ ಸಹಿ ಹಾಕಿದವರು ಸ್ವತಃ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್. ಸಾಬೂನಿಗೆ, ಗಾಜಿಗೆ, ಬಟ್ಟೆಗೆ ಬೇಕಾದ ಪೊಟ್ಯಾಷಿಗಾಗಿ ಹೊಲ ಬಿಡಿಸಲು ಕಡಿದ ಕಾಡುಗಳು ಬೂದಿಯಾಗಿ ಹಡಗು ಹತ್ತಿ ಯುರೋಪಿಗೆ ಸಾಗಿದವು. ಯುರೋಪಿನವರ ಬಟ್ಟೆ ಬೆಳ್ಳಗಾಗಲು ದೂರದ ಖಂಡವೊಂದರ ಮರಗಳು ಉರಿಯಬೇಕಾಯಿತು.

ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳದು ಬೇರೆ ಅದೃಷ್ಟ. ಅಲ್ಲಿ ಆಲಿವ್ ಎಣ್ಣೆಯಿತ್ತು. ಉಪ್ಪುನೆಲದಲ್ಲಿ ಬೆಳೆಯುವ ಗಿಡಗಳ ಬೂದಿಯಲ್ಲಿ ಪೊಟ್ಯಾಷಿಗೆ ಬದಲಾಗಿ ಸೋಡಾ ಹೇರಳವಾಗಿತ್ತು. ಆದ್ದರಿಂದ ಸಿರಿಯಾದ ಅಲೆಪ್ಪೊ, ಪ್ಯಾಲೆಸ್ತೀನಿನ ನಾಬ್ಲಸ್, ಫ್ರಾನ್ಸಿನ ಮಾರ್ಸೇ ನಗರಗಳಲ್ಲಿ ಗಟ್ಟಿಯಾದ, ನವಿರಾದ ಸಾಬೂನು ತಯಾರಾಯಿತು. ಇವೆಲ್ಲವೂ ದೊಡ್ಡ ಕಡಾಯಿಗಳಲ್ಲಿ ದಿನಗಟ್ಟಲೆ ಕಾಯಿಸಿ ಮಾಡುವಂಥವು. ಮಾರ್ಸೇಯಲ್ಲಿ ಆಲಿವ್ ಎಣ್ಣೆಯ ಹೊರತು ಬೇರೆ ಕೊಬ್ಬನ್ನು ಬೆರೆಸಕೂಡದೆಂದು ಹದಿನಾಲ್ಕನೆಯ ಲೂಯಿಯ ಆಡಳಿತ 1688ರಲ್ಲಿ ಕಟ್ಟಳೆಯನ್ನೇ ಹೊರಡಿಸಿತು. ಅಲೆಪ್ಪೊ ಮತ್ತು ನಾಬ್ಲಸ್‌ಗಳ ಸಾಬೂನು ಕಾಯಿಸುವ ಕಲೆಯನ್ನು ಯುನೆಸ್ಕೊ 2024ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಯುದ್ಧ ಸಂಕಟಗಳಲ್ಲಿ ಬೆಂದ ಎರಡು ಊರುಗಳ ಕೊಪ್ಪರಿಗೆಗೆ ಸಂದ ಈ ಗೌರವವನ್ನು ಓದಿ ನನಗೆ ಸಂತೋಷವೂ ವಿಷಾದವೂ ಒಟ್ಟಿಗೆ ಆದವು.

ಇನ್ನು ಇಂಗ್ಲೆಂಡಿನ ಕಥೆ. ಅರಸರ ಕಣ್ಣು ಸಾಬೂನಿನ ಮೇಲೆ ಬಿದ್ದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಬೊಕ್ಕಸ ಬರಿದಾಗಿದ್ದ ಒಂದನೆಯ ಚಾರ್ಲ್ಸ್ ದೊರೆ 1630ರ ದಶಕದಲ್ಲಿ ಸಾಬೂನು ತಯಾರಿಕೆಯ ಏಕಸ್ವಾಮ್ಯವನ್ನು ಒಂದು ಹೊಸ ಕಂಪನಿಗೆ ಮಾರಿದನು. ಹಳೆಯ ಸಾಬೂನುಗಾರರೂ ಅಗಸಗಿತ್ತಿಯರೂ ಆ ಕಂಪನಿಯ ಸಾಬೂನು ಕೈ ಸುಡುತ್ತದೆಂದು, ಬಟ್ಟೆ ಹಾಳುಮಾಡುತ್ತದೆಂದು ಗಲಾಟೆ ಎಬ್ಬಿಸಿದರು. ಕೊನೆಗೆ 1633ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್‌ನಲ್ಲಿ ನಗರದ ಹಿರಿಯರ ಸಮಕ್ಷಮದಲ್ಲಿ ಇಬ್ಬರು ಅಗಸಗಿತ್ತಿಯರನ್ನು ನಿಲ್ಲಿಸಿ, ಒಬ್ಬಳಿಗೆ ಹಳೆಯ ಸಾಬೂನು, ಮತ್ತೊಬ್ಬಳಿಗೆ ಹೊಸ ಸಾಬೂನು ಕೊಟ್ಟು ಬಟ್ಟೆ ಒಗೆಸಿದರು! ತೀರ್ಪು ಕಂಪನಿಯ ಪರವಾಗಿಯೇ ಬಂದಿತು. ಜನ ಮಾತ್ರ ಅದನ್ನು ನಂಬಲಿಲ್ಲ.

ಆಮೇಲೆ 1712ರಲ್ಲಿ ಸಾಬೂನಿನ ಮೇಲೆ ಸುಂಕ ಬಂದಿತು. ಪೌಂಡು ತೂಕಕ್ಕೆ ಒಂದು ಪೆನ್ನಿಯಿಂದ ಆರಂಭವಾದ ಈ ಸುಂಕ ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಮೂರು ಪೆನ್ನಿಗಳಿಗೆ ಏರಿತು. ಸುಂಕದ ಅಧಿಕಾರಿಗಳು ಸಾಬೂನುಗಾರರ ಕೊಪ್ಪರಿಗೆಗಳಿಗೆ ರಾತ್ರಿ ಮುಚ್ಚಳ ಹಾಕಿ ಬೀಗ ಜಡಿಯುತ್ತಿದ್ದರು. ಕದ್ದು ಕಾಯಿಸಬಾರದಲ್ಲ! ಈ ಪಹರೆಯಲ್ಲಿ ಸಣ್ಣ ತಯಾರಕರು ಬದುಕುವುದು ಕಷ್ಟವಾಯಿತು. ಬಡವನ ಪಾಲಿಗೆ ಸಾಬೂನು ಭೋಗವಸ್ತುವಾಯಿತು. ಆ ಸುಂಕವನ್ನು ರದ್ದುಪಡಿಸಿದ್ದು 1853ರಲ್ಲಿ, ಅರ್ಥಸಚಿವನಾಗಿದ್ದ ಗ್ಲಾಡ್‌ಸ್ಟನ್. ವರ್ಷಕ್ಕೆ ಸುಮಾರು 10 ಲಕ್ಷ ಪೌಂಡುಗಳ ವರಮಾನವನ್ನು ಸರ್ಕಾರ ಬಿಟ್ಟುಕೊಡಬೇಕಾಯಿತು. 141 ವರ್ಷಗಳ ಕಾಲ ಸಾಬೂನಿಗೆ ಸುಂಕ ವಿಧಿಸಿದ ಸಮಾಜವೇ ಬಡವರ ಕೇರಿಗಳನ್ನು ನೋಡಿ ಮೂಗು ಮುಚ್ಚಿಕೊಳ್ಳುತ್ತಿತ್ತು.

ಸಾಬೂನು ಅಗ್ಗವಾಗಲು ಸುಂಕ ಹೋದರೆ ಸಾಲದು, ಕ್ಷಾರವೂ ಅಗ್ಗವಾಗಬೇಕಿತ್ತು. ಕಾಡು ಮತ್ತು ಕಡಲಗಿಡಗಳ ಬೂದಿಯನ್ನು ನೆಚ್ಚದೆ, ಅಡುಗೆ ಉಪ್ಪಿನಿಂದಲೇ ಸೋಡಾ ತಯಾರಿಸುವ ಮಾರ್ಗವನ್ನು ಫ್ರಾನ್ಸಿನ ವೈದ್ಯ ನಿಕೊಲಾ ಲೆಬ್ಲಾಂಕ್ ಕಂಡುಹಿಡಿದು 1791ರಲ್ಲಿ ಪೇಟೆಂಟ್ ಪಡೆದನು. ಉಪ್ಪಿಗೆ ಗಂಧಕಾಮ್ಲ ಹಾಕಿ, ದೊರೆತದ್ದನ್ನು ಸುಣ್ಣಕಲ್ಲು ಮತ್ತು ಕಲ್ಲಿದ್ದಲಿನೊಡನೆ ಸುಡುವುದು ಅವನ ಕ್ರಮ. ಆದರೆ ಅವನಿಗೆ ಹಣ ಒದಗಿಸಿದ್ದ ಡ್ಯೂಕ್ ಫ್ರೆಂಚ್ ಕ್ರಾಂತಿಯಲ್ಲಿ ತಲೆ ಕಳೆದುಕೊಂಡನು. ಕಾರ್ಖಾನೆ ಮುಟ್ಟುಗೋಲಾಯಿತು. ಮುಂದೆ ನೆಪೋಲಿಯನ್ನನ ಕಾಲದಲ್ಲಿ ಅದು ಮರಳಿ ದೊರೆತರೂ ನಡೆಸಲು ಕಾಸಿರಲಿಲ್ಲ. ಜಗತ್ತಿಗೆ ಅಗ್ಗದ ಸಾಬೂನಿನ ದಾರಿ ತೋರಿದ ಲೆಬ್ಲಾಂಕ್ 1806ರಲ್ಲಿ ಬಡತನದಲ್ಲಿಯೇ ಆತ್ಮಹತ್ಯೆ ಮಾಡಿಕೊಂಡನು.

ಅವನ ಕ್ರಮ ಇಂಗ್ಲೆಂಡಿನಲ್ಲಿ ಹಬ್ಬಿದಾಗ ಮತ್ತೊಂದು ಸಂಕಟ ಎದುರಾಯಿತು. ಕಾರ್ಖಾನೆಯ ಚಿಮಣಿಗಳಿಂದ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಹೊರಟು ಸುತ್ತಲಿನ ಬೆಳೆ, ಮರಗಳು ಕರಟಿದವು. ಜನರ ದೂರುಗಳು ಹೆಚ್ಚಿ 1863ರಲ್ಲಿ ಕ್ಷಾರ ಕಾಯಿದೆ ಜಾರಿಗೆ ಬಂದಿತು. ಆಮ್ಲದ ಅನಿಲದಲ್ಲಿ ಶೇಕಡಾ 95ರಷ್ಟನ್ನು ಹೊರಬಿಡದೆ ಹೀರಿಸಬೇಕೆಂದು ಅದು ವಿಧಿಸಿತು. ಈ ಕಾಯಿದೆಯ ಮೊದಲ ತನಿಖಾಧಿಕಾರಿ ರಾಬರ್ಟ್ ಆಂಗಸ್ ಸ್ಮಿತ್. 'ಆಮ್ಲ ಮಳೆ' ಎಂಬ ಮಾತನ್ನು ತನ್ನ 1872ರ ಗ್ರಂಥದ ಮೂಲಕ ಬಳಕೆಗೆ ತಂದವನು ಇವನೇ. ಒಂದೆಡೆಯ ಬಟ್ಟೆಯ ಕೊಳೆ ಇನ್ನೊಂದೆಡೆಯ ಆಕಾಶದ ಕೊಳೆಯಾಗಿತ್ತು. ಬೆಲ್ಜಿಯಮ್ಮಿನ ಸಾಲ್ವೆ 1861ರಲ್ಲಿ ಪೇಟೆಂಟ್ ಪಡೆದ ಸ್ವಚ್ಛತರ ಕ್ರಮ ಮುಂದೆ ಲೆಬ್ಲಾಂಕನ ಕ್ರಮವನ್ನು ಮೂಲೆಗೆ ಸರಿಸಿತು.

ಸುಂಕ ಹೋಗಿ, ಸೋಡಾ ಅಗ್ಗವಾದ ಮೇಲೆ ಕೊಪ್ಪರಿಗೆ ಮನೆಯಂಗಳ ಬಿಟ್ಟು ಕಾರ್ಖಾನೆ ಸೇರಿತು. ವಿಲಿಯಂ ಲಿವರ್ 1880ರ ದಶಕದಲ್ಲಿ ಕಾಗದ ಸುತ್ತಿದ 'ಸನ್‌ಲೈಟ್' ಬಿಲ್ಲೆಯನ್ನು ಮಾರುಕಟ್ಟೆಗೆ ತಂದನು. 1888ರಲ್ಲಿ ಅದು ಕಲ್ಕತ್ತೆಯ ಬಂದರಿಗೂ ಬಂದಿಳಿಯಿತು. ದಿನವಿಡೀ ಹೊಗೆಯಲ್ಲಿ ನಿಂತು ಕದಡುವ ದುಡಿಮೆ ಹೆಂಗಸರ ಪಾಲಿಗೆ ತಪ್ಪಿತು. ಅದನ್ನು ನಾನು ಹಗುರವಾಗಿ ಕಾಣಲಾರೆ; ಕ್ಷಾರ ಸಿಡಿದು ಸುಟ್ಟ ಕೈಗಳ ನೋವನ್ನು ಬಲ್ಲವರು ಹಳೆಯ ಕಾಲವೇ ಚೆನ್ನಾಗಿತ್ತೆಂದು ಹೇಳುವುದಿಲ್ಲ. ಆದರೆ ಕೊಬ್ಬಿನ ಹಸಿವು ತೀರಲಿಲ್ಲ. ತಾಳೆ ಎಣ್ಣೆಗಾಗಿ ಅದೇ ಕಂಪನಿ 1911ರಲ್ಲಿ ಬೆಲ್ಜಿಯಂ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡು ಕಾಂಗೋ ದೇಶದ ಕಾಡುಗಳಿಗೆ ಕಾಲಿಟ್ಟಿತು. ಅಲ್ಲಿ ಎತ್ತರದ ತಾಳೆಮರಗಳನ್ನು ಹತ್ತಿ ಗೊನೆ ಇಳಿಸಲು ಜನರನ್ನು ಬಲವಂತದಿಂದ ದುಡಿಸಿದ ಸಂಗತಿಯನ್ನು ಇತಿಹಾಸಕಾರರು ದಾಖಲಿಸಿದ್ದಾರೆ.

ಹಾಗಾದರೆ ನಮ್ಮ ನಾಡಿನಲ್ಲಿ? ಸನ್‌ಲೈಟ್ ಬರುವ ಮೊದಲು ನಮ್ಮವರು ಕೊಳಕಾಗಿದ್ದರೆಂದು ತಿಳಿಯಬೇಕಿಲ್ಲ. ಎಣ್ಣೆಸ್ನಾನಕ್ಕೆ ಸೀಗೆಪುಡಿಯಿತ್ತು, ಕಡಲೆಹಿಟ್ಟಿತ್ತು. ರೇಷ್ಮೆ ಸೀರೆಗೂ ಚಿನ್ನದ ಒಡವೆಗೂ ಅಂಟುವಾಳದ ನೊರೆಯಿತ್ತು. ಪಾತ್ರೆಗೆ ಬೂದಿ, ಹುಣಿಸೆಹಣ್ಣು. ದಪ್ಪ ಬಟ್ಟೆಗಳ ಪಾಲಿಗೆ ಅಗಸರ ಚೌಳುಮಣ್ಣು. ಸವಳು ನೆಲದಲ್ಲಿ ಬೇಸಗೆಯಲ್ಲಿ ಬೆಳ್ಳಗೆ ಹೊಮ್ಮುವ ಈ ಮಣ್ಣಿನಲ್ಲಿರುವುದು ಸೋಡಾವೇ. ಚೌಳುಮಣ್ಣಿನ ನೀರಿನಲ್ಲಿ ಅದ್ದಿದ ಬಟ್ಟೆಗಳನ್ನು ಬಾನಿಯ ಮೇಲೆ ಒಟ್ಟಿ, ಕೆಳಗೆ ಬೆಂಕಿ ಹಾಕಿ, ರಾತ್ರಿಯಿಡೀ ಆವಿಯಲ್ಲಿ ಬೇಯಿಸುವುದಕ್ಕೆ 'ಉಬ್ಬೆ ಹಾಕುವುದು' ಎನ್ನುತ್ತಾರೆ. ವಿದ್ಯಾರ್ಥಿಗಳೇ, ಇಲ್ಲಿ ಸ್ವಲ್ಪ ಯೋಚಿಸಿ ನೋಡಿ. ಮೈಯ ಜಿಡ್ಡು ಬಟ್ಟೆಯಲ್ಲಿದೆ, ಕ್ಷಾರ ಮಣ್ಣಿನಿಂದ ಬಂದಿದೆ, ಕೆಳಗೆ ಬೆಂಕಿಯಿದೆ. ಬಟ್ಟೆಯ ಎಳೆಗಳ ನಡುವೆಯೇ ಜಿಡ್ಡಿನ ಒಂದಿಷ್ಟು ಭಾಗ ಸಾಬೂನಾಗಿ ಮಾರ್ಪಟ್ಟು ನೀರಿನಲ್ಲಿ ಕರಗಿಹೋಗುತ್ತದೆ. ನಮ್ಮ ಉಬ್ಬೆಯೂ ಒಂದು ಅರ್ಥದಲ್ಲಿ ಸಾಬೂನಿನ ಬಿಸಿ ವಿಧಾನವೇ.

ಈ ವಿದ್ಯೆಯನ್ನು ಬಲ್ಲವರನ್ನು ನಮ್ಮ ಸಮಾಜ ಹೇಗೆ ನಡೆಸಿಕೊಂಡಿತು? ಊರಿನ ಮೈಲಿಗೆಯನ್ನು ಕಳೆದವರನ್ನೇ ಮೈಲಿಗೆಯವರೆಂದು ದೂರವಿಟ್ಟಿತು. ಹನ್ನೆರಡನೆಯ ಶತಮಾನದಲ್ಲಿ ಮಡಿವಾಳ ಮಾಚಯ್ಯನವರು ಬಟ್ಟೆ ಒಗೆಯುವ ಕಾಯಕವನ್ನೇ ಶರಣರ ನಡುವೆ ಗೌರವದ ಸ್ಥಾನಕ್ಕೆ ಏರಿಸಿದರು. ಆದರೂ ಆ ಪಾಠ ಊರಿನ ಬಾವಿಕಟ್ಟೆಯವರೆಗೆ ತಲುಪಲು ಎಷ್ಟು ಶತಮಾನಗಳು ಬೇಕಾದವೆಂಬುದನ್ನು ನನ್ನ ವಯಸ್ಸಿನವರೆಲ್ಲ ಬಲ್ಲೆವು.

ಮೈಸೂರು ಸಂಸ್ಥಾನದಲ್ಲಿ ಕೊಪ್ಪರಿಗೆ ಹೊಸ ರೂಪ ತಾಳಿದ್ದು ಒಂದು ಯುದ್ಧದ ದೆಸೆಯಿಂದ. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ, ಎಣ್ಣೆ ತೆಗೆಯಲೆಂದು ಹೊರದೇಶಗಳಿಗೆ ಹೋಗುತ್ತಿದ್ದ ನಮ್ಮ ಶ್ರೀಗಂಧದ ಮಾರುಕಟ್ಟೆ ನಿಂತುಹೋಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಡಳಿತದಲ್ಲಿ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಎಣ್ಣೆಯನ್ನು ಇಲ್ಲಿಯೇ ತೆಗೆಯಲು ಏರ್ಪಾಡು ಮಾಡಿದರು. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸಡ್‌ಬರೊ ಮತ್ತು ವ್ಯಾಟ್ಸನ್ ಅವರ ನೆರವಿನಿಂದ 1916ರಲ್ಲಿ ಗಂಧದೆಣ್ಣೆ ಬಟ್ಟಿ ಇಳಿಯಿತು. ಸಾಬೂನು ವಿದ್ಯೆಯನ್ನು ಕಲಿಯಲು ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ಅವರು ಮರಳಿ ಬಂದು ಮೈಸೂರು ಶ್ರೀಗಂಧದ ಸಾಬೂನನ್ನು ರೂಪಿಸಿ 'ಸೋಪ್ ಶಾಸ್ತ್ರಿ' ಎಂದೇ ಹೆಸರಾದರು. ಇಂದಿಗೂ ಆ ಪೆಟ್ಟಿಗೆಯ ಮೇಲೆ ಆನೆಯ ತಲೆ, ಸಿಂಹದ ಮೈಯ ಶರಭ ಲಾಂಛನವಿದೆ. ನಮ್ಮ ಬಂಧುಗಳ ಎಷ್ಟೋ ಮನೆಗಳಲ್ಲಿ ಅದು ಅತಿಥಿಗಳಿಗೆಂದೇ ಬೀರುವಿನಲ್ಲಿ ಇರುತ್ತಿತ್ತು. ಮನೆಯವರಿಗೆ ಬೇರೆ ಸಾಬೂನು!

ಇಲ್ಲಿ ನನ್ನ ವೃತ್ತಿಜೀವನದ ಒಂದು ಸಂಗತಿಯನ್ನು ಹೇಳಬೇಕು. ತೊಂಬತ್ತರ ದಶಕದಲ್ಲಿ ನಾನು ಬಯಲುಸೀಮೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿದ್ದೆ. ತಪಾಸಣೆಗೆ ಬಂದ ಒಬ್ಬರು ಎಂಟನೆಯ ತರಗತಿಯ ಹುಡುಗನೊಬ್ಬನನ್ನು ನಿಲ್ಲಿಸಿ, ಅವನ ಮಾಸಿದ ಅಂಗಿಯನ್ನು ಎಲ್ಲರಿಗೂ ತೋರಿಸಿ, "ಸೋಮಾರಿಗಳು ಹೀಗಿರುತ್ತಾರೆ" ಎಂದರು. ಹುಡುಗ ಒಂದು ವಾರ ಶಾಲೆಗೆ ಬರಲಿಲ್ಲ. ಕರೆತರಲೆಂದು ನಾನು ಅವನ ಮನೆಗೆ ಹೋದೆ. ಅವನ ತಾಯಿ ಕೂಲಿಯಿಂದ ಆಗತಾನೆ ಬಂದಿದ್ದರು. ಗೂಡಿನಲ್ಲಿ ಬಟ್ಟೆ ಸಾಬೂನಿನ ಮೂರು ತುಂಡುಗಳಿದ್ದವು. ಒಂದು ಬಿಲ್ಲೆಯನ್ನು ದಾರದಿಂದ ಮೂರಾಗಿ ಕೊಯ್ದದ್ದು. "ಮೇಷ್ಟ್ರೇ, ಒಂದೊಂದು ತುಂಡೂ ಒಂದೊಂದು ಸಂತೆವರೆಗೆ ಬರಬೇಕು. ನೀರು ಎರಡು ಮೈಲಿ ಆಚೆಯಿಂದ" ಎಂದರು ಆಕೆ. ಆ ಮನೆಯಲ್ಲಿ ಸೋಮಾರಿಗಳು ಯಾರೂ ಇರಲಿಲ್ಲ.

ಹುಡುಗ ಮರಳಿ ಬಂದನು. ಮುಂದಿನ ವರ್ಷ ಕಾರ್ಯಾನುಭವದ ಅವಧಿಯಲ್ಲಿ ನಾವು ಸಾಬೂನು ಕಾಯಿಸಿದೆವು. ಕೊಬ್ಬರಿ ಎಣ್ಣೆ, ಕಾಸ್ಟಿಕ್ ಸೋಡಾ, ಕಬ್ಬಿಣದ ಬಾಣಲೆ, ಸೀಮೆಎಣ್ಣೆಯ ಸ್ಟೌವು. ಅಚ್ಚಿಗೆ ಹಳೆಯ ಬೆಂಕಿಪೊಟ್ಟಣಗಳು. ಪ್ರತಿಯೊಬ್ಬರೂ ಎರಡೆರಡು ಬಿಲ್ಲೆಗಳನ್ನು ಮನೆಗೆ ಒಯ್ದರು. ಅದರಿಂದ ಯಾರ ಬಡತನವೂ ನೀಗಲಿಲ್ಲ. ಆದರೆ ಸಾಬೂನು ಅಂಗಡಿಯಲ್ಲಿ ಹುಟ್ಟುವುದಲ್ಲ, ಕೈಯಿಂದ ಹುಟ್ಟುವುದು ಎಂಬುದನ್ನು ಆ ಮಕ್ಕಳು ಕಂಡರು.

ಸುಂಕದ ಕಥೆ ಇಂಗ್ಲೆಂಡಿನಲ್ಲಿಯೇ ಮುಗಿಯಲಿಲ್ಲವೆಂಬುದನ್ನೂ ಹೇಳಬೇಕು. ನಮ್ಮಲ್ಲಿ 2017ರಲ್ಲಿ ಜಿಎಸ್‌ಟಿ ಜಾರಿಯಾದಾಗ ಮೈ ಸಾಬೂನಿನ ಮೇಲೆ ಶೇಕಡಾ 18ರ ತೆರಿಗೆಯಿತ್ತು. 2020ರಲ್ಲಿ ಕೊರೋನಾ ವ್ಯಾಪಿಸಿದಾಗ, ವೈರಾಣುವಿನ ಕೊಬ್ಬಿನ ಹೊದಿಕೆಯನ್ನು ಸಾಬೂನು ಒಡೆಯುತ್ತದೆ, ಕೈ ತೊಳೆಯಿರಿ ಎಂದು ದೇಶವೆಲ್ಲ ಸಾರಿದೆವು. ಆಗಲೂ ತೆರಿಗೆ ಅಷ್ಟೇ ಇತ್ತು. 2025ರ ಸೆಪ್ಟೆಂಬರ್ 22ರಿಂದ ಮೈ ಸಾಬೂನಿನ ಬಿಲ್ಲೆಗಳ ತೆರಿಗೆಯನ್ನು ಶೇಕಡಾ 5ಕ್ಕೆ ಇಳಿಸಲಾಯಿತು. ತಡವಾದರೂ ಸ್ವಾಗತಾರ್ಹ.

ಈಗ ಮನೆಯಲ್ಲಿ ಕಾಯಿಸುವವರಿಗೆ ಕೆಲವು ಮಾತು. "ರಾಸಾಯನಿಕವಿಲ್ಲದ ಸಾಬೂನು" ಎಂಬ ಜಾಹೀರಾತನ್ನು ನಂಬಬೇಡಿ. ಕ್ಷಾರವಿಲ್ಲದೆ ಸಾಬೂನಿಲ್ಲ, ಬೂದಿನೀರೂ ರಾಸಾಯನಿಕವೇ. ಅಳತೆ ತಪ್ಪಬಾರದು. ಒಂದು ಕಿಲೋ ಕೊಬ್ಬರಿ ಎಣ್ಣೆಗೆ ಸುಮಾರು 180 ಗ್ರಾಂ ಕಾಸ್ಟಿಕ್ ಸೋಡಾ ಬೇಕಾದರೆ, ಅಷ್ಟೇ ಕಡಲೆಕಾಯಿ ಎಣ್ಣೆಗೆ ಸುಮಾರು 135 ಗ್ರಾಂ ಸಾಕು. ಸೋಡಾವನ್ನು ನೀರಿಗೆ ಸ್ವಲ್ಪಸ್ವಲ್ಪವೇ ಹಾಕಬೇಕು. ನೀರನ್ನು ಸೋಡಾದ ಮೇಲೆ ಎಂದೂ ಸುರಿಯಬಾರದು, ಕುದಿದು ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಸರ್ವಥಾ ಕೂಡದು. ಕ್ಷಾರ ಅದನ್ನು ತಿಂದು ಜಲಜನಕವನ್ನು ಹೊರಡಿಸುತ್ತದೆ. ಸ್ಟೀಲು ಪಾತ್ರೆ, ಕೈಗವಸು, ಕನ್ನಡಕ ಇರಲಿ, ಮಕ್ಕಳು ದೂರವಿರಲಿ. ಮಿಶ್ರಣ ಮೊದಲು ಗಟ್ಟಿ ಮಜ್ಜಿಗೆಯಂತಾಗಿ, ಆಮೇಲೆ ಉಬ್ಬಿ, ಕೊನೆಗೆ ವ್ಯಾಸಲೀನಿನಂತೆ ಹೊಳಪಾದಾಗ ಬೆಂದಿತೆಂದು ತಿಳಿಯಬಹುದು. ಹಿಂದಿನ ಹೆಂಗಸರು ನಾಲಿಗೆಯ ತುದಿಗೆ ಸೋಕಿಸಿ ನೋಡುತ್ತಿದ್ದರು. ಚುರ್ ಎಂದರೆ ಕ್ಷಾರ ಇನ್ನೂ ಉಳಿದಿದೆ ಎಂದರ್ಥ. ನೀವು ಒಂದು ಹನಿ ಫಿನಾಲ್‌ಫ್ತಲೀನ್ ಹಾಕಿ ನೋಡಿ. ಕಡುಗುಲಾಬಿ ಬಣ್ಣ ಬಂದರೆ ಇನ್ನಷ್ಟು ಹೊತ್ತು ಬೇಯಿಸಿ.

ಹಾಗೆ ಬೇಯಿಸುತ್ತಾ ನಿಂತಾಗ, ಹೆಸರಿಲ್ಲದೆ ಹೋದ ಆ ಕೈಗಳನ್ನು ನೆನೆಯಿರಿ: ಮೊಟ್ಟೆ ತೇಲಿಸಿ ಹದ ನೋಡಿದವರು, ಗಿಲ್ಡ್‌ಹಾಲ್‌ನಲ್ಲಿ ಒಗೆದ ಇಬ್ಬರು, ನಮ್ಮ ಹಳ್ಳಗಳ ದಂಡೆಯಲ್ಲಿ ಉಬ್ಬೆ ಹಾಕಿದವರು. ವಿದ್ಯಾರ್ಥಿನಿಯ ಪ್ರಶ್ನೆಗೆ ನಾನು ಕೊಡಬಲ್ಲ ಉತ್ತರ ಅವರೇ. ನಿಮ್ಮಲ್ಲಿ ಈಗ ಶಿಕ್ಷಕರಾಗಿರುವವರಿಗೆ ಒಂದು ವಿನಂತಿ: ಮಾಸಿದ ಅಂಗಿಯ ಮಗುವನ್ನು ಕಂಡಾಗ ಬೈಯುವ ಮೊದಲು, ಅದರ ಮನೆಗೆ ನೀರು ಎಲ್ಲಿಂದ ಬರುತ್ತದೆಂದು ಕೇಳಿ. ಉಬ್ಬೆ ಹಾಕುವುದನ್ನು ಕಣ್ಣಾರೆ ಕಂಡ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಅವರ ಮಾತನ್ನು ಬರೆದಿಟ್ಟುಕೊಳ್ಳಿ, ನನಗೂ ಬರೆದು ತಿಳಿಸಿ.